ಬಿಸಿಲೂರಿಗೆ ನೈಟ್ ಲೈಫ್ ಬೇಕು (ಬಾರ್ ಬಿಟ್ಟು!)

ಈ ಕಡೆ ತಲೆ ಹಾಕಿ ಭಾಳ ದಿನ ಆಗಿತ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ಬೆಂಗಳೂರಿನ ಹಳೆಯ ರೂಮ್‌ಮೇಟ್ ಒಬ್ಬ ಫೋನ್ ಮಾಡಿದ್ದ. ಕಂಪನಿ ಕೆಲಸದ ಮೇಲೆ ಕಲಬುರಗಿಗೆ ಬರುವವನಿದ್ದ. ಬಂದರೆ ಎರಡು ರಾತ್ರಿ ಇರಬೇಕು. "ನೋಡೋಕೆ ಏನೇನಿದೆ ಮಾರಾಯ ನಿಮ್ಮೂರಲ್ಲಿ? ನೈಟ್ ಲೈಫ್ ಗೀಟ್ ಲೈಫ್ ಏನಾದ್ರೂ ಇದೆಯಾ?" ಅಂದ. ನಾನು ನಕ್ಕೆ. ಅವನೂ ನಕ್ಕ. ನಗೋದಕ್ಕೇ ಕೇಳಿದ ಪ್ರಶ್ನೆ ಅದು.

ಫೋನ್ ಇಟ್ಟ ಮೇಲೆ ನಗು ನಿಂತು ಸಿಟ್ಟು ಶುರುವಾಯ್ತು. ಅವನ ಮೇಲಲ್ಲ, ಪಾಪ. ಆ ಶಬ್ದದ ಮೇಲೆ. ನೈಟ್ ಲೈಫ್ ಅಂದ್ರೆ ಏನು ಅಂತ ನಮಗೆಲ್ಲ ಯಾರು ಹೇಳಿಕೊಟ್ರು? ಆ ಸಿಟ್ಟು ತಣ್ಣಗಾಗುವ ಮೊದಲೇ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗಬಹುದು, ಚಹಾ ಮಾಡ್ಕೊಂಡು ಕೂತ್ಕೊಳ್ಳಿ.

ನಾನು ಬೆಂಗಳೂರಲ್ಲಿ ಆರು ವರ್ಷ ಇದ್ದವನು. ಅಲ್ಲಿ ಈ ನೈಟ್ ಲೈಫ್ ಚರ್ಚೆ ಅನ್ನೋದು ಒಂದು ಗಡಿಯಾರದ ಜಗಳ. ಬಾರು, ಪಬ್ಬು ಹನ್ನೊಂದೂವರೆಗೆ ಮುಚ್ಚಬೇಕೋ ಒಂದು ಗಂಟೆಗೆ ಮುಚ್ಚಬೇಕೋ. ಹನ್ನೊಂದೂವರೆ ಅಂತಿದ್ದದ್ದು 2014ರಲ್ಲಿ ವಾರಾಂತ್ಯಕ್ಕೆ ಮಾತ್ರ ಪ್ರಯೋಗ ಅಂತ ಒಂದು ಗಂಟೆ ಆಯ್ತು. 2024ರ ಆಗಸ್ಟಿನಲ್ಲಿ ಆಗಿನ ಬಿಬಿಎಂಪಿ ವ್ಯಾಪ್ತಿಗೆ ಒಂದು ಗಂಟೆ ತನಕ ಅಂತ ಮತ್ತೆ ಆದೇಶ ಬಂತು. ಹತ್ತು ವರ್ಷ, ಟಿವಿಯಲ್ಲಿ ಅದೆಷ್ಟು ಡಿಬೇಟು, ಅದೆಷ್ಟು ಅಂಕಣ... ಎಲ್ಲಾ ಒಂದೂವರೆ ಗಂಟೆಯ ಸಲುವಾಗಿ. ಪರ ಇರೋರು "ಆಧುನಿಕ ನಗರ, ಆದಾಯ, ಉದ್ಯೋಗ" ಅಂದ್ರು. ವಿರೋಧ ಇರೋರು "ನಮ್ಮ ಸಂಸ್ಕೃತಿ" ಅಂದ್ರು. ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಂದೇ: ರಾತ್ರಿ ಮನೆಯಿಂದ ಹೊರಗಿರೋನು ಅಂದ್ರೆ ಕುಡಿಯೋನು. ಬೇರೆ ಯಾರಿಗೂ ರಾತ್ರಿ ಹೊರಗೆ ಕೆಲಸ ಇಲ್ಲ.

ನಾನು ಬರೆಯಬೇಕು ಅಂತಿರೋದು ಆ ಬೇರೆಯವರ ಬಗ್ಗೆ.

ನನ್ನೂರು ಆಳಂದ ತಾಲೂಕಿನ ಮಟಕಿ. ನಮ್ಮ ಕಡೆಯವರಿಗೆ ದೊಡ್ಡ ಪೇಟೆ ಅಂದ್ರೆ ಎರಡೇ. ಒಂದು ಕಲಬುರಗಿ, ಇನ್ನೊಂದು ಗಡಿ ದಾಟಿದರೆ ಸೊಲ್ಲಾಪುರ. ಲಗ್ನದ ಬಟ್ಟೆಗೆ ಸೊಲ್ಲಾಪುರ, ಕೋರ್ಟು ಕಚೇರಿ ದವಾಖಾನಿಗೆ ಕಲಬುರಗಿ. ನಾನು ಸಣ್ಣವನಿದ್ದಾಗ ಬ್ಯಾಸಗಿ ಬಂತಂದ್ರೆ ಊರಿಗೆ ಊರೇ ಮಾಳಿಗೆ ಹತ್ತುತ್ತಿತ್ತು. ಹಗಲಿಗೆ ಬೀದಿಯಲ್ಲಿ ನಾಯಿ ಕೂಡ ಕಾಣಿಸ್ತಿರಲಿಲ್ಲ. ಹನ್ನೊಂದು ಗಂಟೆಗೆ ಬಾಗಿಲು ಮುಚ್ಚಿದ್ರೆ ಐದಕ್ಕೆ ತೆಗೆಯೋದು. ಊರು ನಿಜವಾಗಿ ಬದುಕ್ತಿದ್ದದ್ದು ಹೊತ್ತು ಮುಳುಗಿದ ಮೇಲೆ. ಕಟ್ಟೆ ಮೇಲೆ ಹಿರಿಯರು, ಗುಡಿಯಲ್ಲಿ ಭಜನಿ, ಮಾಳಿಗೆಯಿಂದ ಮಾಳಿಗೆಗೆ ಹೆಣ್ಮಕ್ಕಳ ಮಾತು. ಕಡಕೋಳ ಮಡಿವಾಳಪ್ಪನ ತತ್ವಪದ ನಾನು ಪುಸ್ತಕದಲ್ಲಿ ಓದಿದ್ದಲ್ಲ, ರಾತ್ರಿ ಹನ್ನೊಂದಕ್ಕೆ ಏಕತಾರಿ ಜೊತೆ ಕೇಳಿದ್ದು. ಮೊಹರಮ್ಮಿಗೆ ಅಲಾಯಿ ಕುಣಿ ಸುತ್ತ ಬೆಳತನಕ ಹೆಜ್ಜೆ ಹಾಕೋರು. ಬಯಲಾಟ ಇದ್ರಂತೂ ಬೆಳ್ಳಿ ಚುಕ್ಕಿ ಮೂಡೋ ತನಕ ಗಣಪತಿ, ಸಾರಥಿ, ರಾಜ, ರಾಕ್ಷಸ. ಇದಕ್ಕೆಲ್ಲ ಯಾರೂ ಲೈಸೆನ್ಸ್ ಕೇಳಿರಲಿಲ್ಲ, ಯಾರೂ ನೈಟ್ ಲೈಫ್ ಅಂತ ಕರೆದಿರಲಿಲ್ಲ. ಬಿಸಿಲಿಗೆ ನಾವು ಕಂಡುಕೊಂಡ ಉಪಾಯ ಅದು, ಅಷ್ಟೇ.

ಹಾಗಂತ "ಆ ಕಾಲ ಎಷ್ಟು ಚೆನ್ನಾಗಿತ್ತು" ಅಂತ ಗೋಳಾಡೋ ಪೋಸ್ಟ್ ಇದಲ್ಲ. ಆ ಊರಲ್ಲಿ ಎಲ್ಲರ ಮಾಳಿಗೆ ಒಂದೇ ಎತ್ತರದಲ್ಲಿರಲಿಲ್ಲ, ಕಟ್ಟೆ ಮೇಲೆ ಎಲ್ಲರೂ ಕೂಡುವಂತಿರಲಿಲ್ಲ, ಅದು ನನಗೂ ಗೊತ್ತು ನಿಮಗೂ ಗೊತ್ತು. ಹೇಳಬೇಕಾದ್ದು ಬೇರೆ. ಈಗ ಆ ಊರಿನ ಅರ್ಧ ಜನ ಪೇಟೆಯಲ್ಲಿದ್ದಾರೆ. ಪೇಟೆಯಲ್ಲಿ ಮಾಳಿಗೆ ಇಲ್ಲ.

ಹೋದ ಬ್ಯಾಸಗಿಯ ಮಾತು. ಅವ್ವನಿಗೆ ಮೊಣಕಾಲಿನ ತೋಂದ್ರೆ, ಡಾಕ್ಟರು ಹದಿನೈದು ದಿನ ಇಲ್ಲೇ ಇದ್ದು ದಿನಾ ಬಂದು ಹೋಗಬೇಕು ಅಂದ್ರು. ಕಲಬುರಗಿಯಲ್ಲಿ ನಾನಿರೋದು ಮೂರನೇ ಅಂತಸ್ತಿನ ಮೇಲೆ ಎಬ್ಬಿಸಿದ ಪತ್ರಾದ ರೂಮು. ಮೇ ತಿಂಗಳು. ಪತ್ರಾದ ಕೆಳಗೆ ಫ್ಯಾನ್ ಹಾಕೋದು ಅಂದ್ರೆ ಒಲಿ ಮುಂದೆ ಕೂತು ಗಾಳಿ ಬೀಸಿಕೊಂಡ ಹಂಗೆ. ರಾತ್ರಿ ಹತ್ತಾದ್ರೂ ಗೋಡೆ ಮುಟ್ಟಿದ್ರೆ ಕೈ ಬಿಸಿ. ಅವ್ವ ಎರಡು ದಿನ ತಡಕೊಂಡ್ಲು. ಮೂರನೇ ದಿನ ಸಂಜಿಗೆ, "ಯಪ್ಪಾ, ನನಗ ಇಲ್ಲಿ ಜೀವ ಹೋಗಲತ್ತದ, ಗಾಳಿ ಇದ್ದಲ್ಲಿ ಎಲ್ಲ್ಯಾರ ಕರಕೊಂಡ್ ನಡಿ" ಅಂದ್ಲು.

ನಮ್ಮ ಓಣಿಯಿಂದ ಎರಡು ಓಣಿ ಆಚೆ ಒಂದು ಪಾರ್ಕಿದೆ. ಹೆಸರು ಬೇಡ ಬಿಡಿ, ನಿಮ್ಮೂರಲ್ಲೂ ಅಂಥದ್ದೇ ಒಂದು ಇದ್ದೇ ಇರುತ್ತೆ. ಬೇವಿನ ಗಿಡ, ಸಿಮೆಂಟ್ ಬೆಂಚು, ನೀರಿಲ್ಲದ ಕಾರಂಜಿ. ಮೆಟ್ಟಿಲು ಇಳಿಯೋಕೆ ಅವ್ವನಿಗೆ ಕಾಲು ಗಂಟೆ. ಅಂತೂ ಏಳೂವರೆಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ್ವಿ. ನಮ್ಮಂಥವರೇ ಐವತ್ತು ಅರವತ್ತು ಮಂದಿ ಇದ್ರು. ಕೂಸು ಎತ್ತಿಕೊಂಡ ಹೆಣ್ಮಕ್ಕಳು, ಬುರ್ಖಾ ಹಾಕಿಕೊಂಡ ಅಕ್ಕತಂಗೇರು, ಗಾರೆ ಕೆಲಸದಿಂದ ಬಂದು ಮುಖ ತೊಳೆದುಕೊಂಡವರು, ಪರೀಕ್ಷೆಗೆ ಓದ್ತಾ ಇದ್ದ ಇಬ್ಬರು ಹುಡುಗ್ರು. ಆಗ ಒಂಚೂರು ಗಾಳಿ ಬಿಡ್ತು. ಅವ್ವ ಸೆರಗು ಸಡಿಲ ಮಾಡಿ "ಹಾಂ... ಈಗ ಜೀವ ಬಂತು ನೋಡು" ಅಂದಳು.

ಅಷ್ಟರಲ್ಲಿ ಸೀಟಿ. ಎಂಟು ಗಂಟೆ. ವಾಚ್‌ಮನ್ ಸೀಟಿ ಊದ್ತಾ ಬಂದ. "ನಡೀರಿ ನಡೀರಿ, ಟೈಮ್ ಆಗ್ಯಾದ, ಗೇಟ್ ಹಾಕ್ತೀನಿ."

ಅವ್ವ ಕೇಳಿದ್ಲು, "ಯಾಕೋ ತಮ್ಮಾ, ಈಗರ ತಂಪ ಆಗಲತ್ತದ. ಈಗ ಹಾಕಿದ್ರ ಹ್ಯಾಂಗ?"

"ನಾ ಏನ್ ಮಾಡ್ಲಿ ಯವ್ವಾ, ಆರ್ಡರ್ ಅದ" ಅಂದ ಆತ. ಅವನದೇನು ತಪ್ಪು? ಅವನ ಮನೆಯೂ ಪತ್ರಾದ್ದೇ ಇರಬೇಕು.

ಎಲ್ಲರೂ ಎದ್ದು ಹೊರಗೆ ಬಂದ್ವಿ. ಯಾರೂ ಮನೆಗೆ ಹೋಗಲಿಲ್ಲ! ಪಾರ್ಕಿನ ಗೋಡೆಗೆ ಹೊಂದಿಕೊಂಡ ಫುಟ್‌ಪಾತ್ ಮೇಲೆ, ಗಟಾರದ ಕಲ್ಲಿನ ಮೇಲೆ, ರಸ್ತೆ ಮಧ್ಯದ ಡಿವೈಡರ್ ಮೇಲೆ ಕೂತರು. ಅವ್ವನೂ ಡಿವೈಡರ್ ಮೇಲೆ ಕೂತಳು, ಮೊಣಕಾಲು ಚಾಚಿಕೊಂಡು. ಎರಡೂ ಕಡೆ ಟಂಟಂ, ಬೈಕು, ಹೊಗೆ. ಆ ಕಡೆ ಗೇಟಿನ ಒಳಗೆ ಖಾಲಿ ಬೆಂಚು, ಬೇವಿನ ಗಿಡ. ಹದಿನೈದು ದಿನ ಹಿಂಗೇ ನಡೀತು. ಏಳೂವರೆಯಿಂದ ಎಂಟು ಪಾರ್ಕು, ಎಂಟರಿಂದ ಹತ್ತು ಡಿವೈಡರ್ರು. ಅರವತ್ತೈದು ವರ್ಷದ ನಮ್ಮವ್ವನ ನೈಟ್ ಲೈಫ್ ಅದು.

ಇನ್ನೊಂದು ಕಡೆ ನೋಡಿ. ಆ ಡಿವೈಡರ್‌ನಿಂದ ನೂರು ಹೆಜ್ಜೆ ದೂರದಲ್ಲಿ ಒಂದು ಬಾರು. ಬಾರ್ ಅಂಡ್ ರೆಸ್ಟೋರೆಂಟುಗಳಿಗೆ ನಮ್ಮ ರಾಜ್ಯದಲ್ಲಿ ರಾತ್ರಿ ಹನ್ನೊಂದೂವರೆ ತನಕ ಪರವಾನಗಿ ಇದೆ. ಅಂದರೆ ರಾತ್ರಿ ಒಂಬತ್ತಕ್ಕೆ ಕಲಬುರಗಿಯಲ್ಲಿ ಒಬ್ಬ ದುಡಿಯೋ ಮನುಷ್ಯ ಕುರ್ಚಿ, ಫ್ಯಾನು, ಬೆಳಕು, ನಾಲ್ಕು ಮಂದಿ ಜೊತೆ ಬಯಸಿದರೆ ಸರ್ಕಾರವೇ ಲೈಸೆನ್ಸ್ ಕೊಟ್ಟು ತೆರೆದಿಟ್ಟಿರೋ ಜಾಗ ಅದೊಂದೇ. ಅವನ ಹೆಂಡತಿ ಬಯಸಿದರೆ? ಅವಳಿಗೆ ಡಿವೈಡರ್ ಇದೆ. ಪಾರ್ಕು ತೆರೆದಿಟ್ಟರೆ ಪಡ್ಡೆಗಳು ಕುಡಿದು ಕೂಡ್ತಾರೆ ಅಂತ ಹೇಳೋ ಸರ್ಕಾರ, ಪಾರ್ಕು ಮುಚ್ಚಿ ಬಾರು ತೆರೆದಿಟ್ಟಿರೋದನ್ನ ಯಾವ ತರ್ಕ ಅಂತೀರಿ?

ಸರ್ಕಾರಕ್ಕೆ ನಮ್ಮ ಬಿಸಿಲು ಗೊತ್ತಿಲ್ಲ ಅಂತ ಮಾತ್ರ ಹೇಳಬೇಡಿ. ಚೆನ್ನಾಗಿ ಗೊತ್ತು! ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಿಗೆ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ, ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗೂ ಸರ್ಕಾರಿ ಕಚೇರಿ ಸಮಯ ಬದಲಾಗುತ್ತೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬೆಂಗಳೂರಿಗೆ, ಮೈಸೂರಿಗೆ ಈ ಬದಲಾವಣೆ ಇಲ್ಲ, ನಮಗೆ ಮಾತ್ರ. ಅದು ಸರಿಯಾದ ಕ್ರಮವೇ, ನಾನು ಆಡಿಕೊಳ್ತಾ ಇಲ್ಲ. ಮಧ್ಯಾಹ್ನ 43 ಡಿಗ್ರಿಯಲ್ಲಿ ಗುಮಾಸ್ತನೂ ಮನುಷ್ಯನೇ. ಆದರೆ ಇದರ ಅರ್ಥ ಏನು? ಈ ಭಾಗದಲ್ಲಿ ಹಗಲು ಹೊರಗೆ ಇರೋಕಾಗಲ್ಲ ಅಂತ ಸರ್ಕಾರವೇ ಸಹಿ ಹಾಕಿ ಒಪ್ಪಿಕೊಂಡಿದೆ. ಕಚೇರಿಯ ಗಡಿಯಾರ ಬದಲಾಯಿಸೋಕೆ ಒಂದು ಸುತ್ತೋಲೆ ಸಾಕಾಗುತ್ತೆ. ಪಾರ್ಕಿನ ಗಡಿಯಾರಕ್ಕೆ ಯಾಕೆ ಸುತ್ತೋಲೆ ಇಲ್ಲ? ಕಚೇರಿಯವರಿಗೆ ಬಿಸಿಲು ಬಡಿಯುತ್ತೆ, ಪಾರ್ಕಿಗೆ ಬರೋರಿಗೆ ಬಡಿಯಲ್ವಾ?

2024ರ ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ 38.5 ಡಿಗ್ರಿ ಆಯ್ತು. ನೆನಪಿದೆಯಾ ಟಿವಿಯವರು ಹೆಂಗೆ ಹೊಯ್ಕೊಂಡ್ರು ಅಂತ? ರಸ್ತೆ ಮೇಲೆ ಮೊಟ್ಟೆ ಒಡೆದು ಆಮ್ಲೆಟ್ ಹಾಕೋದೊಂದು ಬಾಕಿ ಇತ್ತು. ನಮ್ಮಲ್ಲಿ ಆ ತಿಂಗಳಲ್ಲಿ 38 ಡಿಗ್ರಿ ಅಂದ್ರೆ "ಇವತ್ತು ಛಲೋ ಮೋಡ ಆಗ್ಯಾದ" ಅಂತಾರೆ. ಅದಿರಲಿ. ಅದೇ 2024ರಲ್ಲಿ ಬಿಬಿಎಂಪಿ ತನ್ನ ಪಾರ್ಕುಗಳನ್ನ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡುವ ನಿರ್ಧಾರ ಮಾಡಿತು. ಅದಕ್ಕೂ ಮೊದಲು ಅಲ್ಲಿ ಹಗಲು ಹೊತ್ತು ನಡುವೆ ಗೇಟ್ ಹಾಕಿರ್ತಿದ್ರು. ವಾಕಿಂಗ್ ಮಾಡೋರಿಗೆ ಬೆಳಿಗ್ಗೆ ಸಂಜೆ ಸಾಕು, ಮಧ್ಯಾಹ್ನ ಬಂದು ಮಲಗೋ ಕೂಲಿಯವನು, ತಳ್ಳುಗಾಡಿಯವನು ಯಾಕೆ ಬೇಕು ಅಂತ. ನಾನೇ ಬೆಂಗಳೂರಿನ ಒಂದು ಪಾರ್ಕಿನ ಗೇಟಿನ ಹೊರಗೆ ನಮ್ಮ ಕಡೆಯ ಮಂದಿ ಬುತ್ತಿ ಬಿಚ್ಚಿ ಫುಟ್‌ಪಾತ್ ಮೇಲೆ ರೊಟ್ಟಿ ತಿನ್ನೋದನ್ನ ಕಂಡಿದ್ದೀನಿ. "ಯಾವೂರ್ರಿ?" ಅಂತ ಕೇಳಿದ್ರೆ ಜೇವರ್ಗಿ ಅಂದ್ರು. ಗುಳೆ ಬಂದವರು. ಎದುರಿನ ಅಪಾರ್ಟ್‌ಮೆಂಟ್ ಅವರೇ ಕಟ್ಟುತ್ತಿದ್ದದ್ದು. ಅಪಾರ್ಟ್‌ಮೆಂಟಿನೊಳಗೆ ಅವರನ್ನ ಯಾರೂ ಬಿಡಲ್ಲ ಸರಿ, ಪಾರ್ಕು ಯಾರದು?

ಇರಲಿ, ರಾಜಧಾನಿಯ ಪಾರ್ಕುಗಳಿಗೆ ರಾತ್ರಿ ಹತ್ತು ಆಯ್ತು. ಅಲ್ಲಿ ರಾತ್ರಿ ಎಂಟಕ್ಕೆ ಸ್ವೆಟರ್ ಹಾಕೋ ತಿಂಗಳೂ ಇವೆ. ರಾತ್ರಿ ಮಾತ್ರ ಉಸಿರಾಡೋ ನಮ್ಮ ಊರಿನ ಪಾರ್ಕಿಗೆ ಎಂಟು!

ಈಗ ಆ ರೂಮ್‌ಮೇಟ್ ಕೇಳಿದ "ನೋಡೋಕೆ ಏನಿದೆ" ಅನ್ನೋದಕ್ಕೆ ಬರ್ತೀನಿ. ಒಂದು ತಪ್ಪೊಪ್ಪಿಗೆ ಮೊದಲು. ನಾನೂ ಒಂದು ಕಾಲಕ್ಕೆ "ಕಲಬುರಗಿಯಲ್ಲಿ ನೋಡಲೇಬೇಕಾದ ಸ್ಥಳಗಳು" ಅಂತ ಪಟ್ಟಿ ಬರೆದವನೇ. ಕೋಟೆ, ಹಫ್ತ್ ಗುಂಬಜ್, ಬಂದಾ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ. ಕೆಳಗೆ "ಒಂದು ದಿನ ಸಾಕು" ಅಂತ ಷರಾ ಬೇರೆ. ಎಂಥಾ ಮೂರ್ಖ! ಆ ಪಟ್ಟಿ ಹಿಡ್ಕೊಂಡು ಮೇ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಯಾರಾದರೂ ಕೋಟೆಗೆ ಹೋಗಿದ್ದರೆ ನನ್ನನ್ನ ಎಷ್ಟು ಬೈದಿರಬೇಡ.

ಕೋಟೆಯೊಳಗಿನ ಜಾಮಿ ಮಸೀದಿ ನೋಡಿದವರಿಗೆ ಒಂದು ಮಾತು ನೆನಪಿರುತ್ತೆ. 1367ರಲ್ಲಿ ಕಟ್ಟಿದ್ದು. ಮಸೀದಿ ಅಂದ್ರೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ ಇರುತ್ತೆ. ಇದಕ್ಕೆ ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ, ಸಾಲು ಸಾಲು ಕಮಾನು, ಒಳಗೆ ಕಾಲಿಟ್ಟರೆ ತಂಪು. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು ಅಂತ ಪಂಡಿತರು ಜಗಳ ಆಡಿಕೊಳ್ಳಲಿ, ಮೇ ತಿಂಗಳ ಮಧ್ಯಾಹ್ನ ಒಳಗೆ ನಿಂತು ಹೊರಗಿನ ಬಯಲು ನೋಡಿದವನಿಗೆ ಉತ್ತರ ಬೇಕಾಗಿಲ್ಲ. ನಮ್ಮ ಹಳ್ಳಿಯ ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಶಹಾಬಾದ ಫರಸಿ ಎಲ್ಲಾ ಅದೇ ಲೆಕ್ಕ. ಆರೂವರೆ ನೂರು ವರ್ಷದ ಹಿಂದಿನವರಿಗೆ ತಿಳಿದದ್ದು ನಮ್ಮ ಈಗಿನ ಪತ್ರಾ ಮತ್ತು ಗ್ಲಾಸಿನ ಕಟ್ಟಡದವರಿಗೆ ತಿಳಿದಿಲ್ಲ.

ಪುರಾತತ್ವ ಇಲಾಖೆಯ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದ ತನಕ. ಕಾನೂನು ಅಂತ ಸುಮ್ಮನಿರಬಹುದಿತ್ತು. ಆದರೆ 2019ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ದೇಶದ 10 ಸ್ಮಾರಕಗಳನ್ನ ರಾತ್ರಿ 9ರ ತನಕ ತೆರೆದಿಡುವುದಾಗಿ ಪ್ರಕಟಿಸಿತು. ಅದರಲ್ಲಿ ನಮ್ಮ ರಾಜ್ಯದವು ಎರಡು: ವಿಜಯಪುರದ ಗೋಲಗುಂಬಜ್, ಪಟ್ಟದಕಲ್ಲು. ದಿಲ್ಲಿಯ ಹುಮಾಯೂನ್ ಗೋರಿಯೂ ಅದರಲ್ಲಿತ್ತು. ಅಂದರೆ ಕಾನೂನು ಬಗ್ಗುತ್ತೆ, ಬಗ್ಗಿಸೋರು ಬೇಕು. ಪಕ್ಕದ ಜಿಲ್ಲೆಯ ಗುಂಬಜ್ ಪಟ್ಟಿಯಲ್ಲಿ ಬಂತು, ನಮ್ಮ ಏಳು ಗುಂಬಜ್ ಬರಲಿಲ್ಲ. ಹಫ್ತ್ ಗುಂಬಜ್ ಅಂಗಳದಲ್ಲಿ ಹುಣ್ಣಿಮೆ ದಿನ, ಫಿರೋಜ್ ಷಾನ ಆ ಜೋಡಿ ಗುಮ್ಮಟದ ಎದುರು ರಾತ್ರಿ ಎಂಟಕ್ಕೆ ಒಂದು ತತ್ವಪದ ಮೇಳವೋ, ಒಂದು ಕವ್ವಾಲಿಯೋ... ಕಲ್ಪಿಸಿಕೊಳ್ಳಿ. ಖರ್ಚು ಏನು? ಹತ್ತು ದೀಪ, ನಾಲ್ಕು ಜಮಖಾನಿ. 1422ರಲ್ಲಿ ತೀರಿಕೊಂಡ ಫಿರೋಜ್ ಷಾನಿಗೂ ಬೇಜಾರು ಕಳೆಯುತ್ತೆ :-)

"ಕಲಬುರಗಿ ಮಂದಿ ರಾತ್ರಿ ಹೊರಗೆ ಬರಲ್ಲ, ಇಲ್ಲಿಯವರಿಗೆ ಆ ರುಚಿ ಇಲ್ಲ" ಅಂತ ಅಧಿಕಾರಿಗಳು, ಹೋಟೆಲಿನವರು, ಕೆಲವು ಸಾಹಿತಿಗಳೂ ಹೇಳೋದನ್ನ ಕೇಳಿದ್ದೀನಿ. ಇದನ್ನ ಹೇಳೋರು ರಂಜಾನ್ ತಿಂಗಳಲ್ಲಿ ಒಂದು ರಾತ್ರಿ ಮುಸ್ಲಿಂ ಚೌಕಿಗೆ ಹೋಗಿ ಬಂದು ಆಮೇಲೆ ನನ್ನ ಜೊತೆ ಮಾತಾಡಲಿ. ಹಲೀಮು, ತಹರಿ, ಮಾಲ್ಪುರಿ, ಬಳಿ ಅಂಗಡಿ, ಅತ್ತರು, ಕೂಸು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಅಲ್ಲಿ ಬರೀ ಮುಸ್ಲಿಮರು ಇರ್ತಾರೆ ಅಂದುಕೊಂಡಿದ್ದರೆ ನೀವು ಕಲಬುರಗಿ ನೋಡಿಲ್ಲ. ಹೋಳಿ ಆದ ಮೇಲೆ ಶರಣಬಸಪ್ಪನ ಜಾತ್ರೆ. ತೇರಿನ ದಿನ ಊರಿಗೆ ಊರೇ ಅಲ್ಲಿ, ತೇರು ಎಳೆದ ಮೇಲೂ ಎಷ್ಟು ದಿನ ಜಾತ್ರೆ ಅಂಗಡಿ ನಡೆಯುತ್ತೆ, ತೊಟ್ಟಿಲು, ಬತ್ತಾಸು, ಬೆಂಡು. ಖಾಜಾ ಬಂದಾ ನವಾಜರ ಉರುಸಿಗಂತೂ ಹೈದರಾಬಾದಿನಿಂದ, ಮಹಾರಾಷ್ಟ್ರದಿಂದ ಜನ. ಸಂದಲ್ ಮೆರವಣಿಗೆ ಹೊರಡೋದು ಪಬ್ಲಿಕ್ ಗಾರ್ಡನ್ನಿನಿಂದ, ಹಿರಿಯರು ಇವತ್ತಿಗೂ ಮೆಹಬೂಬ್ ಗುಲ್ಶನ್ ಅಂತ ಕರೆಯೋ ತೋಟದಿಂದ. ನಿಜಾಮನ ಕಾಲದವರು ಆ ತೋಟವನ್ನ ಸೀಟಿ ಊದೋದಕ್ಕೆ ಮಾಡಿದ್ದಂತೂ ಅಲ್ಲ.

ಸೊಲ್ಲಾಪುರದಲ್ಲಿ ಸಂಕ್ರಾಂತಿಗೆ ಸಿದ್ಧರಾಮನ ಗಡ್ಡಾ ಜಾತ್ರೆ ನೋಡಿದ್ದೀರಾ? ನೋಡಿರದಿದ್ದರೆ ಒಮ್ಮೆ ಹೋಗಿ. ನಮ್ಮ ಆಳಂದ, ಅಫಜಲಪುರ ಕಡೆಯ ಅರ್ಧ ಮಂದಿ ಅಲ್ಲೇ ಸಿಗ್ತಾರೆ. ರಾತ್ರಿ ಹತ್ತಾದರೂ ಹೆಣ್ಮಕ್ಕಳು ಗುಂಪು ಗುಂಪಾಗಿ ತಿರುಗ್ತಾ ಇರ್ತಾರೆ. ಯಾರಿಗೂ ಹೆದರಿಕೆ ಇಲ್ಲ. ಯಾಕೆ? ಬೆಳಕಿದೆ, ಜನ ಇದ್ದಾರೆ.

ಹೆಣ್ಮಕ್ಕಳ ಮಾತು ಬಂತು, ಅದನ್ನೇ ಹಿಡಿಯೋಣ. ಪಾರ್ಕು ರಾತ್ರಿ ತೆರೆದಿಡಬಾರದು ಅನ್ನೋರ ದೊಡ್ಡ ವಾದ "ಮಹಿಳೆಯರ ಸುರಕ್ಷತೆ". ಈ ವಾದ ಮಾಡೋರಲ್ಲಿ ಮಹಿಳೆಯರು ಎಷ್ಟು ಮಂದಿ ಇದ್ದಾರೆ ಅಂತ ಒಮ್ಮೆ ಎಣಿಸಿ ನೋಡಿ. ಬೀಗ ಹಾಕಿದ ಕತ್ತಲೆ ಪಾರ್ಕಿಗೆ ಗೋಡೆ ಹಾರಿ ಹೋಗೋನು ಯಾರು? ನಮ್ಮವ್ವ ಹಾರ್ತಾಳಾ, ಮೊಣಕಾಲು ಇಟ್ಕೊಂಡು? ಬೀಗ ಹಾಕಿದರೆ ಹೊರಗೆ ಉಳಿಯೋದು ಅವ್ವಂದಿರು, ಕೂಸುಗಳು, ಓದೋ ಹುಡುಗ್ರು. ಒಳಗೆ ಉಳಿಯೋದು ಬಾಟಲಿಯವನು. ಬೆಳಿಗ್ಗೆ ಪಾರ್ಕಿನ ಮೂಲೆಯಲ್ಲಿ ಬಿದ್ದಿರೋ ಬಾಟಲಿಗಳೇ ಸಾಕ್ಷಿ. ಮುಚ್ಚಿದ್ದರಿಂದ ಒಂದಾದರೂ ಬಾಟಲಿ ಕಡಿಮೆ ಆಗಿದೆಯಾ?

ಇನ್ನೊಂದು ವಾದ ಗಿಡ, ಹಕ್ಕಿಗಳದ್ದು. ಅವಕ್ಕೂ ಕತ್ತಲೆ ಬೇಕು ಅಂತ. ಇದನ್ನ ನಾನು ತಳ್ಳಿಹಾಕಲ್ಲ. ಬೇವಿನ ಗಿಡಕ್ಕೆ ಬಣ್ಣ ಬಣ್ಣದ ಸೀರಿಯಲ್ ದೀಪ ಸುತ್ತಿ "ಸೌಂದರ್ಯೀಕರಣ" ಮಾಡೋರನ್ನ ಕಂಡರೆ ನನಗೂ ಮೈ ಉರಿಯುತ್ತೆ. ದೀಪ ಕೆಳಗಿರಲಿ, ದಾರಿಗೆ ಬೆನ್ನು ತಾಗುವಷ್ಟು ಎತ್ತರದ ಕಂಬ ಸಾಕು. ಅರ್ಧ ಪಾರ್ಕು ಕತ್ತಲಿರಲಿ, ಗೇಟಿನ ಕಡೆಯ ಅರ್ಧ ತೆರೆದಿರಲಿ. ಹನ್ನೊಂದಕ್ಕೆ ಎಲ್ಲಾ ಆರಿಸಿಬಿಡಿ. ಇದು ಬಗೆಹರಿಯೋ ಮಾತು.

ಸಿಬ್ಬಂದಿ, ಖರ್ಚು ಅನ್ನೋ ವಾದವೂ ಇದೆ. ಹೌದು, ಎರಡನೇ ಪಾಳಿಗೆ ಒಬ್ಬ ವಾಚ್‌ಮನ್ ಬೇಕು, ಅವನಿಗೆ ಸರಿಯಾದ ಪಗಾರ ಕೊಡಬೇಕು. ಎರಡೇ ತಿಂಗಳು, ಏಪ್ರಿಲ್ ಮತ್ತು ಮೇ. ಒಂದು ಸ್ವಾಗತ ಕಮಾನಿನ ಖರ್ಚಲ್ಲಿ ಎಷ್ಟು ವಾಚ್‌ಮನ್‌ಗಳ ಪಗಾರ ಬರುತ್ತೆ ಅಂತ ಲೆಕ್ಕ ನೀವೇ ಹಾಕಿ.

ಕೊನೆಗೆ ಇದೆಲ್ಲ ಹುಚ್ಚು ಆಲೋಚನೆ, ಎಲ್ಲೂ ಹಿಂಗೆ ಮಾಡಲ್ಲ ಅನ್ನೋರಿಗೆ. ಪ್ಯಾರಿಸ್ ಗೊತ್ತಲ್ಲ, ನೈಟ್ ಲೈಫಿನ ತವರುಮನೆ ಅಂತ ನಮ್ಮ ರೂಮ್‌ಮೇಟ್‌ನಂಥವರು ಬಾಯಿ ಬಿಡೋ ಊರು. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಗೆ ಸುಮಾರು 15,000 ಮಂದಿ ಸತ್ತರು. ಹೆಚ್ಚಿನವರು ವಯಸ್ಸಾದವರು. ಪ್ಯಾರಿಸ್ಸಿನಲ್ಲಿ ಎಷ್ಟೋ ಮಂದಿ ಕಟ್ಟಡದ ತುತ್ತತುದಿಯ ಸಣ್ಣ ರೂಮುಗಳಲ್ಲಿ, ಸತುವಿನ ತಗಡಿನ ಕೆಳಗೆ. ಹೌದು, ಅಲ್ಲೂ ಪತ್ರಾ! ಹಗಲ ಬಿಸಿಲಿಗಿಂತ ರಾತ್ರಿ ಮೈ ತಣಿಯದೇ ಇದ್ದದ್ದೇ ಅವರ ಜೀವ ತೆಗೆಯಿತು ಅನ್ನೋದು ಆಗ ಎಲ್ಲರಿಗೂ ಮನವರಿಕೆಯಾಯ್ತು. ಈಚಿನ ವರ್ಷಗಳಲ್ಲಿ ಬಿಸಿಗಾಳಿ ಎಚ್ಚರಿಕೆ ಬಂದರೆ ಆ ನಗರದವರು ಹಲವು ಪಾರ್ಕುಗಳನ್ನ ರಾತ್ರಿಯಿಡೀ ತೆರೆದಿಡ್ತಾರೆ. ಪ್ಯಾರಿಸ್ಸಿನಿಂದ ನಾವು ಪಬ್ಬು ಕಲಿತೆವು, ಇದನ್ನ ಕಲಿಯಲಿಲ್ಲ.

ಪ್ಯಾರಿಸ್ ದೂರ ಆಯ್ತಾ? ಅಹಮದಾಬಾದಿಗೆ ಬನ್ನಿ. 2010ರ ಬಿಸಿಗಾಳಿಯಲ್ಲಿ ಪೆಟ್ಟು ತಿಂದ ಆ ಊರು 2013ರಲ್ಲಿ ಬಿಸಿಲಿಗೇ ಒಂದು ಕಾರ್ಯಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೇದು. ಆಸ್ಪತ್ರೆ, ಎಚ್ಚರಿಕೆ, ನೀರಿನ ಅರವಟಿಗೆ ಜೊತೆಗೆ ಪಾರ್ಕುಗಳನ್ನ ಹೆಚ್ಚು ಹೊತ್ತು ತೆರೆದಿಡೋದೂ ಅಲ್ಲಿ ಬಿಸಿಲಿನ ಔಷಧಿಯೇ. ನಮ್ಮ ಊರಿನಿಂದ ದುಬೈ, ಕತಾರಿಗೆ ದುಡಿಯಲು ಹೋದವರನ್ನ ಕೇಳಿ. ಬ್ಯಾಸಗಿಯಲ್ಲಿ ಮಧ್ಯಾಹ್ನ ಹೊರಗಿನ ಕೂಲಿ ಕೆಲಸ ಮಾಡಿಸೋದಕ್ಕೆ ಅಲ್ಲಿ ಕಾನೂನಿನ ನಿಷೇಧ ಇದೆ, ರಾತ್ರಿ ಪಾರ್ಕಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಮ್ಮ ಕಾಕಾ ಮುಂಬೈಯಲ್ಲಿ ಮೂವತ್ತು ವರ್ಷ ದುಡಿದವರು. ಚಾಳಿನ ರೂಮಿನಲ್ಲಿ ಹನ್ನೆರಡು ಮಂದಿ. "ಮರೀನ್ ಡ್ರೈವ್ ಇರದಿದ್ರ ನಾ ಎಂದೋ ಊರಿಗೆ ಓಡಿ ಬರ್ತಿದ್ದೆ" ಅಂತಾರೆ. ರಾತ್ರಿ ಊಟ ಮಾಡಿ ಹೋಗಿ ಆ ಕಟ್ಟೆ ಮೇಲೆ ಕೂಡೋರಂತೆ. ಗೇಟಿಲ್ಲ, ಟಿಕೆಟ್ಟಿಲ್ಲ. ಪಕ್ಕದಲ್ಲಿ ಕೋಟ್ಯಧಿಪತಿಯೂ ಕೂತಿರಬಹುದು.

ಒಂದು ವಿಷಯ ಬಿಟ್ಟರೆ ಅರ್ಧ ಹೇಳಿದಂಗೆ. ಬಸ್ಸು. ಪಾರ್ಕು ಹತ್ತಕ್ಕೆ ಮುಚ್ಚಿದರೂ, ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಎಂಥಾ ನಾಟಕ ಆದರೂ, ನೋಡಿ ಎದ್ದು ಬಂದವನು ಮನೆಗೆ ಹೋಗೋದು ಹೆಂಗೆ? 2023ರ ಜೂನ್‌ನಿಂದ ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಆಯ್ತು, ಅದು ದೊಡ್ಡ ಕೆಲಸ, ನಮ್ಮವ್ವ ಅದರಿಂದಲೇ ದವಾಖಾನಿಗೆ ಬಂದದ್ದು. ಆದರೆ ಟಿಕೆಟ್ ಪುಕ್ಕಟೆ ಇದ್ದು ಬಸ್ಸೇ ಇರದಿದ್ದರೆ ಏನು ಮಾಡೋದು? ನನ್ನ ಗೆಳೆಯನೊಬ್ಬ ಹಳ್ಳಿಯಿಂದ ನಾಟಕ ನೋಡೋಕೆ ಅಂತ ಬಂದು, ನಾಯಕಿ ರಂಗಕ್ಕೆ ಬರೋ ಮೊದಲೇ ಎದ್ದು ಬಸ್ ಸ್ಟ್ಯಾಂಡಿಗೆ ಓಡಿದ. ಕೊನೆ ಬಸ್ಸು ತಪ್ಪಿದರೆ ಬೆಳಗಿನ ತನಕ ಪ್ಲಾಟ್‌ಫಾರ್ಮೇ ಗತಿ. ಆ ನಾಟಕದ ಕೊನೆ ಏನಾಯ್ತು ಅಂತ ಇವತ್ತಿಗೂ ನನ್ನನ್ನ ಕೇಳ್ತಾನೆ. ನಾನೂ ನಿದ್ದೆ ಹೋಗಿದ್ದೆ, ಅದು ಬೇರೆ ಮಾತು.

2020ರ ಫೆಬ್ರವರಿಯಲ್ಲಿ 85ನೇ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ಆಯ್ತಲ್ಲ, ಆಗ ವಿಶ್ವವಿದ್ಯಾಲಯದ ಆವರಣಕ್ಕೆ ಬಸ್ಸಿತ್ತು, ದೀಪ ಇತ್ತು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹಳ್ಳಿಯಿಂದ ಬಂದ ಜನ ಸಾಗರ. ಮೂರು ದಿನ ಆಗೋದು ಮುನ್ನೂರ ಅರವತ್ತೈದು ದಿನ ಬೇಡ, ಬ್ಯಾಸಗಿಯ ಅರವತ್ತು ದಿನ ಆಗೋದಕ್ಕೇನು ಅಡ್ಡಿ?

ರೂಮ್‌ಮೇಟ್ ಬರ್ತಾನೆ ಮುಂದಿನ ವಾರ. ಅವನನ್ನ ರಾತ್ರಿ ಎಂಟಕ್ಕೆ ಆ ಪಾರ್ಕಿನ ಗೇಟಿಗೆ ಕರಕೊಂಡು ಹೋಗಬೇಕು ಅಂತಿದ್ದೀನಿ. ಸೀಟಿ ಕೇಳಿಸಿ, ಡಿವೈಡರ್ ಮೇಲೆ ಒಂದು ಗಂಟೆ ಕೂರಿಸ್ತೀನಿ. ಕಬ್ಬಿನ ಹಾಲು ನನ್ನ ಖರ್ಚು.

ಏಪ್ರಿಲ್ ಬರೋದರೊಳಗೆ ಪಾಲಿಕೆಗೆ ಒಂದು ಅರ್ಜಿ ಕೊಡ್ತೀನಿ. ಕೇಳೋದು ಒಂದೇ ಸಾಲು: ಕಚೇರಿ ಸಮಯ ಬದಲಾಗುವ ದಿನವೇ ಪಾರ್ಕಿನ ಸಮಯವೂ ಬದಲಾಗಲಿ, ರಾತ್ರಿ ಹನ್ನೊಂದರ ತನಕ. ಡಿವೈಡರ್ ಮೇಲಿನವರ ಸಹಿ ತಗೋತೀನಿ, ವಾಚ್‌ಮನ್‌ದೂ ಕೇಳಬೇಕು, ಹಾಕ್ತಾನೋ ಇಲ್ಲೋ. ರಾಯಚೂರು, ಬಳ್ಳಾರಿ, ಯಾದಗಿರಿ, ವಿಜಯಪುರ ಕಡೆಯ ಬ್ಲಾಗ್ ಗೆಳೆಯರೇ, ನಿಮ್ಮ ಓಣಿಯ ಪಾರ್ಕಿನ ಬೋರ್ಡಿನ ಮೇಲೆ ಎಷ್ಟು ಗಂಟೆ ಅಂತ ಬರೆದಿದೆ, ಒಂದು ಸಲ ನೋಡಿ ಬರೆದು ತಿಳಿಸಿ. ಬೋರ್ಡಿನ ಟೈಮಿಗೂ ಸೀಟಿಯ ಟೈಮಿಗೂ ಫರಕು ಇದ್ದರೆ ಅದನ್ನೂ ಬರೀರಿ. ಅರ್ಜಿಗೆ ಲಗತ್ತಿಸ್ತೀನಿ.